ಟಚಿಂಗಮ್ಮನ ಕಣ್ಣು

ಟಚಿಂಗಮ್ಮನ ಬಗ್ಗೆ ಆ ಬೀದಿಯವರು ಎರಡು ಮಾತು ಆಡಿಕೊಳ್ಳುತ್ತಿದ್ದರು. ಆಕೆಯ ಎದುರು ಹೆಚ್ಚು ಹೊತ್ತು ನಿಲ್ಲಬಾರದು, ಆಕೆ ನಮ್ಮ ಮುಖ ನೋಡುವುದಿಲ್ಲ, ಮುಖದ ಮೇಲಿನ ಕಲೆ ನೋಡುತ್ತಾಳೆ ಎಂಬುದು ಒಂದು. ಅಂಥ ಗಂಡನ ಜೊತೆ ಆ ಹೆಂಗಸು ಅದು ಹೇಗೆ ಕಾಲ ಹಾಕುತ್ತಾಳೋ ಎಂಬುದು ಇನ್ನೊಂದು. ಎರಡನೆಯದನ್ನು ದನಿ ತಗ್ಗಿಸಿ, ಪಕ್ಕದವರ ಮೊಣಕೈ ತಟ್ಟಿ ಹೇಳುತ್ತಿದ್ದರು. ಅದರಲ್ಲಿ ಮರುಕಕ್ಕಿಂತ ಚಪ್ಪರಿಕೆಯೇ ಹೆಚ್ಚಾಗಿತ್ತು. ಮೂಲೆಮನೆಯ ಹೆಂಗಸಿಗೆ ಮೂಗಿನ ಪಕ್ಕದಲ್ಲಿ ಒಂದು ನರುಲಿ ಇತ್ತು. ಟಚಿಂಗಮ್ಮ ಎದುರಾದರೆ ಸಾಕು, ಸೀನು ಬಂದವಳ ಹಾಗೆ ಮೂಗಿಗೆ ಕರವಸ್ತ್ರ ಹಿಡಿಯುವುದು ಆಯಮ್ಮನಿಗೆ ರೂಢಿಯಾಗಿಹೋಗಿತ್ತು.

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಫೋಟೋ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಆಕೆಯ ಹರೆಯವೆಲ್ಲ ಕಲೆ ನೋಡುವುದರಲ್ಲೇ ಕಳೆದಿತ್ತು. ಫಿಲ್ಮಿನ ಕಾಲ ಅದು. ಓರೆಯಾದ ಗಾಜಿನ ಮೇಜಿನ ಕೆಳಗೊಂದು ಬಲ್ಬು, ಗಾಜಿನ ಮೇಲೆ ನೆಗೆಟಿವ್, ಕೈಯಲ್ಲಿ ಮರಳುಕಾಗದಕ್ಕೆ ಉಜ್ಜಿ ಉಜ್ಜಿ ಸೂಜಿಯಂತೆ ಮಾಡಿದ ಪೆನ್ಸಿಲ್ಲು. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು, ಸಿಡುಬಿನ ಗುಳಿ, ಎಲ್ಲವನ್ನೂ ಆ ಪೆನ್ಸಿಲ್ಲಿನ ತುದಿಯಿಂದ ಸವರಿ ಸವರಿ ಇಲ್ಲವಾಗಿಸುವುದು ಕೆಲಸ. ಅದಕ್ಕೆ ಟಚಿಂಗ್ ಅಂತ ಹೆಸರು, ಆಕೆಗೂ ಅದೇ ಹೆಸರು. ಫೋಟೋದಲ್ಲಿ ಮನುಷ್ಯ ಇರಬೇಕು, ಅವನ ಕಷ್ಟ ಇರಬಾರದು ಎಂದು ಸ್ಟುಡಿಯೋ ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದರಂತೆ. ಬೂದು ಬಣ್ಣದೊಳಗಿನ ಬೂದು ಬಣ್ಣ ಆಕೆಗೆ ಕಾಣುವಷ್ಟು ಇನ್ನಾರಿಗೂ ಕಾಣುತ್ತಿರಲಿಲ್ಲ. ಒಂದು ಕೆನ್ನೆಯಲ್ಲಿ ಎಷ್ಟು ಬಗೆಯ ಬೂದು ಇದೆ ಎಂದು ಕೇಳಿದರೆ, ನೀವು ಊಟಕ್ಕೆ ಎಷ್ಟು ಬಗೆ ಇದೆ ಎಂದು ಹೇಳುವಷ್ಟು ಸಲೀಸಾಗಿ ಆಕೆ ಹೇಳಬಲ್ಲಳು.

ಗಂಡನದು ಕನ್ನಡಕದಂಗಡಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತಾ, ಈಗ ಕಾಣತ್ತಾ, ಈಗ, ಈಗ ಎಂದು ಕೇಳುವುದು ಅವನ ದಿನಚರಿ. ಮದುವೆಯಾದ ಹೊಸದರಲ್ಲಿ ಅವನೊಂದು ತಮಾಷೆ ಕಟ್ಟಿದ್ದ. "ನಾನು ಇರೋದನ್ನ ತೋರಿಸ್ತೀನಿ, ಇವಳು ಇರೋದನ್ನ ಒರೆಸ್ತಾಳೆ. ಇಬ್ರೂ ಸೇರಿ ಊರನ್ನ ಸಾಕ್ತಾ ಇದೀವಿ." ಬಂದವರು ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು. ಆಮೇಲಾಮೇಲೆ ಬಂದವರು ಮಾತ್ರ ನಗುತ್ತಿದ್ದರು.

ಅವರಿಗೊಬ್ಬಳು ಮಗಳು. ಹುಟ್ಟುವಾಗಲೇ ಎಡಗೆನ್ನೆಯಲ್ಲಿ ಕಿವಿಯಿಂದ ಗದ್ದದವರೆಗೆ ಚೆಲ್ಲಿದ ದ್ರಾಕ್ಷಿರಸದ ಹಾಗೆ ಒಂದು ಕಲೆ. ಹೆತ್ತವಳಿಗೆ ಅದೇನೂ ದೊಡ್ಡದಾಗಿರಲಿಲ್ಲ. ಎತ್ತಿ ಮುದ್ದಿಸುವಾಗ ಆ ಕೆನ್ನೆಗೇ ಮೊದಲ ಮುತ್ತು. ಆದರೆ ಫೋಟೋ ಎಂದರೆ ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಅಂಬೆಗಾಲಿನ ಫೋಟೋ, ಶಾಲೆಯ ಫೋಟೋ, ತುದಿಗಾಲಲ್ಲಿ ನಿಂತು ಬಹುಮಾನ ತೆಗೆದುಕೊಂಡ ಫೋಟೋ, ಎಲ್ಲದರಲ್ಲೂ ಆ ಕೆನ್ನೆ ಹಾಲಿನಂತೆ ಬೆಳ್ಳಗಿತ್ತು. ಮಗಳು ಕಾಲೇಜು ಮುಗಿಸಿದ ವರ್ಷ ಅಷ್ಟನ್ನೂ ಹಾಸಿಗೆಯ ಮೇಲೆ ಹರಡಿ ಕೂತಳು. "ಅಮ್ಮ, ಇದು ಯಾರ ಮಗು?" ಎಂದು ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಈ ಮನೇಲಿ ನಂದು ಅಂತ ಒಂದು ಫೋಟೋನೂ ಇಲ್ಲ ನೋಡು ಎಂದಳು. ಬಾಗಿಲಾಚೆ ಗಂಡ ನಿಂತಿದ್ದು ಟಚಿಂಗಮ್ಮನಿಗೆ ಗೊತ್ತಿತ್ತು. ಅವನು ಒಳಗೆ ಬಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ಮಗಳ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡ. ಮಗಳು ಬೇರೆ ಊರಲ್ಲಿ ಕೆಲಸ ಹಿಡಿದಳು, ಅಲ್ಲೇ ಮದುವೆಯಾದಳು. ಕರೆದಳು, ಇವರು ಹೋಗಿಯೂ ಬಂದರು, ಫೋಟೋ ಮಾತ್ರ ಕಳಿಸಲಿಲ್ಲ.

ಗಂಡನಿಗೆ ಆಕಾಶದ ಹುಚ್ಚು ಹಿಡಿದದ್ದು ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ. ಮೊದಲು ಒಂದು ದುರ್ಬೀನು ಬಂತು. ಅದರ ಹಿಂದೆ ಅದನ್ನು ನಕ್ಷತ್ರಗಳ ಜೊತೆ ಮೆಲ್ಲಗೆ ತಿರುಗಿಸುವ ಮೋಟಾರು, ಕ್ಯಾಮೆರಾ, ಕಂಪ್ಯೂಟರು, ಹಾವಿನಮರಿಗಳಂಥ ವಯರುಗಳು. ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಕಂಬ ಕಿತ್ತು ಸಿಮೆಂಟಿನ ಕಟ್ಟೆ ಕಟ್ಟಿಸಿದ. ಅಂದಿನಿಂದ ಮನೆಯಲ್ಲಿ ಕತ್ತಲೆಯ ಆಡಳಿತ ಶುರುವಾಯಿತು. ಮೋಡವಿಲ್ಲದ ಸಂಜೆಯೆಂದರೆ ಆಕೆ ಬೇಗ ಅಡಿಗೆ ಮುಗಿಸಿ ಒಲೆಯ ಮೇಲಿನ ದೀಪ ಆರಿಸಬೇಕು. ಫ್ರಿಜ್ಜಿನೊಳಗಿನ ಬಲ್ಬನ್ನೂ ಅವನು ತಿರುಚಿ ತೆಗೆದಿದ್ದ, ಬಾಗಿಲು ತೆಗೆದರೆ ಬೆಳಕು ಕಿಟಕಿಯಿಂದ ಹಿತ್ತಿಲಿಗೆ ಬೀಳುತ್ತದಂತೆ. ಹಿತ್ತಿಲ ಬಾಗಿಲಲ್ಲಿ ಜೋರಾಗಿ ಹೆಜ್ಜೆ ಇಟ್ಟರೆ ಕಟ್ಟೆ ಅದುರಿ ನಕ್ಷತ್ರಗಳಿಗೆ ಬಾಲ ಬರುತ್ತದೆ ಎಂದು ಬೈಯುತ್ತಿದ್ದ. ಆಕೆ ಗೋಡೆ ಸವರಿಕೊಂಡು ನಡೆಯುವುದನ್ನು ಕಲಿತಳು. ಮೊಣಕಾಲಿಗೆ ಮಂಚದ ಅಂಚು ಬಡಿದರೆ ಬಾಯಿಗೆ ಕೈ ಒತ್ತಿಕೊಂಡು ನೋವನ್ನು ನುಂಗುವುದನ್ನೂ ಕಲಿತಳು. ಅವನಿಗೆ ಬೀದಿಯವರು ಕತ್ತಲೆರಾಯ ಎಂದು ಹೆಸರಿಟ್ಟದ್ದು ಆಗಲೇ.

ಅವನಿಗೆ ಬೇಕಾದದ್ದು ಒಂದೇ ಒಂದು ನೀಹಾರಿಕೆ. ಸತ್ತ ನಕ್ಷತ್ರವೊಂದು ಬಿಟ್ಟುಹೋದ ಹೊಗೆ, ಕತ್ತರಿಸಿ ಬಿಸಾಡಿದ ಉಗುರಿನ ಹಾಗೆ ಬಾಗಿದ್ದು. ಬೆಟ್ಟದ ಮೇಲಿನ ಕಗ್ಗತ್ತಲೆಯಲ್ಲೇ ಅದು ಸಿಗುವುದು ಕಷ್ಟ, ಬೀದಿದೀಪದ ಬೆಳಕು ಬೇಲಿ ಹಾರಿ ಬರುವ ಬಡಾವಣೆಯ ಹಿತ್ತಿಲಲ್ಲಂತೂ ಕನಸಿನ ಮಾತು. ಅವನ ಗೆಳೆಯರಾದ ಕೆಮಿಸ್ಟ್ರಿ ಮೇಷ್ಟ್ರು ಅದನ್ನು ಬೆಟ್ಟಕ್ಕೆ ಹೋಗಿ ತೆಗೆದು, ಕಟ್ಟು ಹಾಕಿಸಿ ತಮ್ಮ ಮನೆಯ ಹಜಾರದಲ್ಲಿ ನೇತುಹಾಕಿದ್ದರು. ಬೆಟ್ಟ ಹತ್ತಿ ಯಾರು ಬೇಕಾದ್ರೂ ತೆಗೀತಾರೆ, ನಾನು ಇದೇ ಹಿತ್ತಿಲಿಂದ ತೆಗೆದು ತೋರಿಸ್ತೀನಿ ಎಂದು ಕತ್ತಲೆರಾಯ ಮೇಷ್ಟ್ರ ಎದುರು ತೊಡೆ ತಟ್ಟಿದ. ತಟ್ಟಿದ ಮೇಲೆ ತೆಗೆಯದೆ ಗತಿಯಿಲ್ಲ.

ಈ ಕೆಲಸದ ರೀತಿ ಹೀಗೆ: ಒಂದು ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಇಡೀ ಚಳಿಗಾಲ ತೆಗೆದ ನೂರಾರು ಚಿತ್ರಗಳನ್ನು ಕಂಪ್ಯೂಟರು ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡುತ್ತದೆ. ಅದರಲ್ಲೂ ಮೊದಲ ನೋಟಕ್ಕೆ ನಕ್ಷತ್ರಗಳ ಚುಕ್ಕಿ ಮತ್ತು ಬೀದಿದೀಪದ ಕೊಳೆ ಅಷ್ಟೆ. ಆ ಬೂದುಬಣ್ಣವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತುತ್ತಾ ಹೋಗಬೇಕು. ಕ್ಯಾಮೆರಾದೊಳಗಿನ ಧೂಳು ಅಲ್ಲಲ್ಲಿ ಬಿಟ್ಟ ಮಸುಕು ಕಲೆಗಳನ್ನು ಒರೆಸುತ್ತಾ ಹೋಗಬೇಕು. ಅವನಿಗೆ ಆ ತಾಳ್ಮೆಯೂ ಇರಲಿಲ್ಲ, ಬೂದಿನ ಕಣ್ಣೂ ಇರಲಿಲ್ಲ. ನೀನೇ ಮಾಡು, ಇಷ್ಟು ವರ್ಷ ಊರ ಮೊಡವೆ ಒರೆಸಿದ್ದೀಯಲ್ಲ ಎಂದು ಮೌಸನ್ನು ಆಕೆಯ ಕೈಗೆ ಕೊಟ್ಟ. ತನಗೆ ಬೇಕಾದದ್ದು ನೋಡಲು ಹೇಗಿರುತ್ತದೆಂದು ಅವನು ತೋರಿಸಲಿಲ್ಲ, ಆಕೆಯೂ ಕೇಳಲಿಲ್ಲ.

ಆಕೆಗೆ ಒಳಗೊಳಗೇ ಹಿಗ್ಗು. ಸ್ಟುಡಿಯೋ ಮುಚ್ಚಿದ ಮೇಲೆ ಆಕೆಯ ಕಣ್ಣನ್ನು ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ಪರದೆ ಎಳೆದುಕೊಂಡು ಕೂತರೆ ಕಾಫಿ ಆರಿ ತಣ್ಣಗಾಗುವುದೂ ತಿಳಿಯುತ್ತಿರಲಿಲ್ಲ. ಒಂದೊಂದೇ ಕಲೆ ಹುಡುಕಿ, ಅಕ್ಕಪಕ್ಕದ ಬೂದಿಗೆ ಬೂದು ಹೊಂದಿಸಿ ಒರೆಸಿದಳು. ಚಿತ್ರದ ನಡುವೆ ಒಂದು ದೊಡ್ಡ ಮಸುಕಿತ್ತು, ಬಾಗಿದ್ದು, ತುದಿಯಲ್ಲಿ ಹರಿದಂತೆ ಇದ್ದದ್ದು. ಗಾಜಿನ ಮೇಲೆ ಯಾರೋ ಹೆಬ್ಬೆರಳು ಎಳೆದಂತಿತ್ತು. ಒರೆಸುವುದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಅಷ್ಟು ನಾಜೂಕಾಗಿ ಆಕೆ ಮದುಮಗಳ ಕೆನ್ನೆಯನ್ನೂ ಒರೆಸಿರಲಿಲ್ಲ. ಮುಗಿಸಿ, ಸ್ಟುಡಿಯೋದ ಅಭ್ಯಾಸದಂತೆ, ಕೊಳೆಯ ಪ್ರತಿಯನ್ನು ಉಳಿಸದೆ ಅದರ ಮೇಲೇ ಸೇವ್ ಮಾಡಿ ಗಂಡನನ್ನು ಕರೆದಳು.

ಅವನು ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ. ನಕ್ಷತ್ರಗಳಿದ್ದವು, ಅವುಗಳ ನಡುವೆ ಶುದ್ಧ ಕಪ್ಪು. ಅವನು ದುರ್ಬೀನನ್ನು, ಬೀದಿದೀಪವನ್ನು, ಮೇಷ್ಟ್ರನ್ನು, ಮೇಷ್ಟ್ರ ಬೆಟ್ಟವನ್ನು ಒಂದೇ ಉಸಿರಿಗೆ ಬೈದು ಹಿತ್ತಿಲಿಗೆ ಹೋದ.

ಆಕೆಗೆ ಅನುಮಾನ ಬಂದದ್ದು ಆಗ. ಅವನ ಪುಸ್ತಕ ತೆಗೆದು ಆ ನೀಹಾರಿಕೆಯ ಪುಟ ಹುಡುಕಿದಳು. ಹೆಬ್ಬೆರಳು ಎಳೆದಂಥ ಅದೇ ಗೀರು, ತುದಿಯಲ್ಲಿ ಅದೇ ಹರಿದ ಅಂಚು. ಎರಡು ಮಧ್ಯಾಹ್ನ ಕೂತು ಆಕೆ ಒರೆಸಿದ್ದು ಅದನ್ನೇ.

ಹೇಳಿಬಿಡುವುದೆಂದು ಆಗಲೇ ನಿಶ್ಚಯಿಸಿದಳು. ಚಳಿಗಾಲದ ಚಿತ್ರಗಳೆಲ್ಲ ಇನ್ನೂ ಕಂಪ್ಯೂಟರಿನಲ್ಲೇ ಇದ್ದವು, ಮತ್ತೆ ಪೇರಿಸಿದರೆ ಆಯಿತು. ತಪ್ಪಾಯ್ತು ರೀ, ಅದು ಬಂದಿದೆ, ನಾನೇ ಕಲೆ ಅನ್ಕೊಂಡೆ. ಈ ಮಾತನ್ನು ಮನಸ್ಸಿನಲ್ಲೇ ಉರುಹಾಕುತ್ತಾ ಕಾಫಿ ಮಾಡಿದಳು, ಯಾಕೆಂದರೆ ಅಷ್ಟರಲ್ಲಿ ಮೇಷ್ಟ್ರು ಬಂದು ಹಜಾರದಲ್ಲಿ ಕೂತಿದ್ದರು. ಅವರೆದುರೇ ಹೇಳಿದರೆ ಗಂಡನಿಗೂ ಸಂತೋಷವಾದೀತು, ಬೈಗುಳವೂ ಕಡಿಮೆಯಾದೀತು ಎಂದು ಲೆಕ್ಕ ಹಾಕಿದಳು. ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಮೇಷ್ಟ್ರು, ಅಮ್ಮಾವ್ರೇ ಟಚಿಂಗ್ ಮಾಡಿದ್ರಂತಲ್ಲ ಎಂದು ಕೇಳುತ್ತಿದ್ದರು.

"ಮಾಡಿದಳು. ಒರೆಸೋದು ಬಿಟ್ಟು ಇವಳಿಗೆ ಇನ್ನೇನ್ ಗೊತ್ತು?" ಎಂದ ಗಂಡ. "ಹೆತ್ತ ಮಗಳ ಮುಖಾನೇ ಒರೆಸಿ ಹಾಕಿದವಳು ಮೇಷ್ಟ್ರೇ. ಆ ಹುಡುಗಿ ಇಲ್ಲಿಗೆ ಯಾಕೆ ಬರಲ್ಲ ಅನ್ಕೊಂಡಿದೀರಿ? ಗೋಡೆ ಮೇಲೆ ಇದೆಯಲ್ಲ, ಅದು ಅವಳಲ್ಲ. ಅದು ಯಾರದೋ ಮಗು."

ಮೇಷ್ಟ್ರು ಗೋಡೆಯ ಫೋಟೋ ನೋಡಿದರು, ಆಮೇಲೆ ಬಾಗಿಲಾಚೆ ಬಿಟ್ಟಿದ್ದ ತಮ್ಮ ಚಪ್ಪಲಿ ನೋಡಿದರು. ಟಚಿಂಗಮ್ಮ ತಟ್ಟೆ ಕೆಳಗಿಟ್ಟಳು. ಉರುಹಾಕಿದ ಮಾತು ನಾಲಗೆಯ ತುದಿಯಲ್ಲೇ ಇತ್ತು.

"ಸಕ್ಕರೆ ಸಾಕಾ ನೋಡಿ ಮೇಷ್ಟ್ರೇ" ಎಂದಳು.

ಇವತ್ತಲ್ಲ ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು, ಹೋಯಿತು. ಬೇಸಿಗೆಯ ಹೊತ್ತಿಗೆ ಗಂಡ, ಏನೂ ಇಲ್ಲದ ಕಸ ಯಾಕೆ ತುಂಬ್ಕೊಂಡಿರಬೇಕು ಎಂದು ಚಿತ್ರಗಳನ್ನೆಲ್ಲ ಅಳಿಸಿಹಾಕಿದ. ಆಕೆ ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ ನೋಡಿದಳು. ಒಂದು ಮಾತು ಆಡಿದ್ದರೆ ಅವನ ಕೈ ನಿಲ್ಲುತ್ತಿತ್ತು. ಆಡದೆ ಇರುವುದರಲ್ಲಿ ಇಂಥದೊಂದು ರುಚಿ ಇರುತ್ತದೆಂದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುವರ್ಷ ಅವನು ಇನ್ನೂ ಹಟದಿಂದ ತೆಗೆದ. ಬೀದಿದೀಪಕ್ಕೆ ಎದುರಾಗಿ ಕರಿ ತಾಡಪಾಲು ಕಟ್ಟಿದ. ಚಳಿಯಲ್ಲಿ ಕೂತು ಕೂತು ಎದೆಗೆ ಕಫ ಕಟ್ಟಿಸಿಕೊಂಡ. ಆಕೆ ಕಷಾಯ ಕಾಸಿ ಕೊಟ್ಟಳು, ಎದೆಗೆ ಎಣ್ಣೆ ತಿಕ್ಕಿದಳು. ಆಮೇಲೆ ಪರದೆ ಎಳೆದುಕೊಂಡು ಕೂತು ನೀಹಾರಿಕೆಯನ್ನು ಒರೆಸಿದಳು. ಈ ಸಲ ಅವಸರ ಮಾಡಲಿಲ್ಲ. ಹರಿದ ತುದಿಯಿಂದ ಶುರು ಮಾಡಿ, ಬೆನ್ನಿನ ಬಾಗಿನ ಮೇಲೆ ಬಂದು, ಕೊನೆಗೆ ಹೊಟ್ಟೆಯ ತೆಳು ಹೊಗೆಯನ್ನು ತೆಗೆದಳು. ಅವನು ಬಂದು, ಏನಾದ್ರೂ ಕಾಣತ್ತಾ ಎಂದು ಕೇಳಿದ. ಅಂಗಡಿಯ ಕುರ್ಚಿಯಲ್ಲಿ ಕೂತವರನ್ನು ಜೀವಮಾನವೆಲ್ಲ ಕೇಳಿದ ಪ್ರಶ್ನೆ ಅದು. ಈಗ ಕುರ್ಚಿಯಲ್ಲಿ ಕೂತವಳು ಆಕೆ. "ಏನೂ ಇಲ್ಲ ರೀ" ಎಂದಳು. ಅವನ ಮುಖ ಇಳಿದದ್ದನ್ನು ಕಣ್ಣು ಮಿಟುಕಿಸದೆ ನೋಡಿದಳು. ಆ ಮುಖದಲ್ಲಿ ಎಷ್ಟು ಬಗೆಯ ಬೂದು ಇತ್ತೋ ಅಷ್ಟನ್ನೂ ನೋಡಿದಳು.

ಅವನ ಕಣ್ಣು ಕೆಟ್ಟದ್ದು ಅದಾದ ಮೇಲೆ. ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತಿತ್ತಂತೆ, ಬಡಗಿಯನ್ನು ಕರೆಸಿ ಜಗಳವಾಡಿದ. ಊರಿಗೆಲ್ಲ ಕನ್ನಡಕ ಕೊಟ್ಟವನಿಗೆ ತನ್ನ ಕಣ್ಣನ್ನು ಇನ್ನೊಬ್ಬರಿಗೆ ತೋರಿಸುವುದೆಂದರೆ ಅವಮಾನ. ತೋರಿಸುವ ಹೊತ್ತಿಗೆ ತಡವಾಗಿತ್ತು. ಕಣ್ಣಿನ ನಡುಭಾಗ ಸವೆದುಹೋಗಿದೆ, ಅಂಚು ಮಾತ್ರ ಉಳಿಯುತ್ತದೆ ಎಂದರು ಡಾಕ್ಟರು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಂಥ ಕಣ್ಣಿಟ್ಟುಕೊಂಡೇ ಅವನು ಇನ್ನೊಂದು ಚಳಿಗಾಲ ಹಿತ್ತಿಲಲ್ಲಿ ಕೂತ. ತಿರುಪುಗಳನ್ನು ಬೆರಳಿನಿಂದ ಸವರಿ ಗುರುತು ಹಿಡಿದ. ಕಂಪ್ಯೂಟರಿನ ಪರದೆಯನ್ನು ಆಕೆ ಓದಿ ಹೇಳಿದಳು.

ಆ ವರ್ಷದ ಚಿತ್ರದಷ್ಟು ಒಳ್ಳೆಯದು ಹಿಂದೆ ಬಂದಿರಲಿಲ್ಲ. ಬೂದನ್ನು ಎತ್ತುತ್ತಿದ್ದಂತೆ ಅದು ತಾನಾಗಿ ಎದ್ದು ಬಂತು. ಮೇಷ್ಟ್ರ ಹಜಾರದಲ್ಲಿದ್ದದ್ದು ಇದರ ಮುಂದೆ ಏನೂ ಅಲ್ಲ. ಬಾಗಿನ ಒಳಗೆ ನೂಲಿನಂಥ ಎಳೆಗಳಿದ್ದವು, ಅವುಗಳ ಹಿಂದೆ ಇನ್ನೂ ತೆಳುವಾದ ಒಂದು ಮುಸುಕು. ಆಕೆ ಮೌಸ್ ಬಿಟ್ಟು ಸುಮ್ಮನೆ ಕೂತಳು. ಜಗತ್ತಿನಲ್ಲಿ ಈ ಚಿತ್ರವನ್ನು ನೋಡಿದವಳು ತಾನೊಬ್ಬಳೇ ಎನ್ನಿಸಿತು. ಗಂಡ ಅವತ್ತು ಒಳ್ಳೆಯವನಾಗಿದ್ದ. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೋಗಿ ತಾನೇ ಆಕೆಗೆ ಕಾಫಿ ಮಾಡಿ ತಂದಿದ್ದ, ಅರ್ಧ ತಟ್ಟೆಗೆ ಚೆಲ್ಲಿತ್ತು. ನಿನ್ನ ಮೊಣಕಾಲು ಈಗ ಹೇಗಿದೆ ಎಂದೂ ಕೇಳಿದ್ದ. ಅವನು ಮಾತಿನಲ್ಲಿ ಚುಚ್ಚಿದ್ದರೆ ಒರೆಸುವುದಕ್ಕೆ ಒಂದು ನೆವವಾದರೂ ಇರುತ್ತಿತ್ತು.

ನೆವವಿಲ್ಲದೆಯೇ ಒರೆಸಿದಳು.

ಏನೂ ಇಲ್ಲ ಎಂಬ ಮಾತು ಕೇಳಿ ಅವನು ಮಂಚದ ಅಂಚಿನಿಂದ ಎದ್ದು ಕಂಪ್ಯೂಟರಿನ ಹತ್ತಿರ ಬಂದ. ಎಲ್ಲಾ ಅಳಿಸಿಬಿಡೋಣ, ನಾನೇ ಒತ್ತುತ್ತೀನಿ, ಬೆರಳು ಎಲ್ಲಿಡಬೇಕು ತೋರಿಸು ಎಂದ. ಆಕೆ ಅವನ ತೋರುಬೆರಳನ್ನು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವಂತೆ ಸರಿಯಾದ ಜಾಗದಲ್ಲಿ ಇಟ್ಟಳು. ಅವನು ಒತ್ತಿದ. ಹೋಯ್ತಾ ಎಂದು ಕೇಳಿದ. ಹೋಯ್ತು ಎಂದಳು.

ದುರ್ಬೀನನ್ನು ಮೇಷ್ಟ್ರಿಗೆ ಕೊಟ್ಟುಬಿಡುವುದೆಂದು ಆಯಿತು. ಒಂದು ಭಾನುವಾರ ಅವರು ಬಂದು, ತಿರುಪು ಬಿಚ್ಚಿ, ಕೊಳವೆಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಸಮಾಧಾನ ಹೇಳಬೇಕಲ್ಲ ಎಂದು ಏನೋ ಹೇಳಿದರು. ಈ ಬೀದಿದೀಪದ ಎದುರು ಅದು ಯಾರಿಗೂ ಸಿಗುತ್ತಿರಲಿಲ್ಲ, ಸಿಕ್ಕಿದ್ದರೆ ಅಮ್ಮಾವ್ರ ಕಣ್ಣಿಗೆ ತಪ್ಪುತ್ತಿತ್ತಾ, ಅವರಂಥ ಕಣ್ಣು ನಾನು ಕಂಡಿಲ್ಲ ಎಂದರು.

"ಇವಳಿಗೆ ಕಣ್ಣು ಎಲ್ಲಿದೆ ಮೇಷ್ಟ್ರೇ?" ಎಂದ ಗಂಡ. ಬೇಸರದಲ್ಲೂ ಅವನಿಗೆ ನಗು ಬಂತು. "ಕಲೆ ಕಾಣತ್ತೆ, ಅಷ್ಟೆ."

ಸಂಜೆ ಅವನಿಗೆ ಊಟ ಬಡಿಸಿ, ಅನ್ನದ ಬಟ್ಟಲು ಎಲ್ಲಿದೆ, ನೀರಿನ ಲೋಟ ಎಲ್ಲಿದೆ ಎಂದು ಎಂದಿನಂತೆ ಕೈ ಮುಟ್ಟಿಸಿ ತೋರಿಸಿ, ಎದುರಿನ ಕುರ್ಚಿಯಲ್ಲಿ ಕೂತಳು. ಬೇರೆ ಪೀಠಿಕೆ ಹಾಕಲಿಲ್ಲ.

"ಅದು ಬಂದಿತ್ತು ರೀ. ಮೊದಲನೇ ವರ್ಷಾನೇ ಬಂದಿತ್ತು. ಮೂರು ವರ್ಷಾನೂ ಬಂತು. ನಾನೇ ಒರೆಸಿದೆ. ಮೊದಲನೇ ಸಲ ಗೊತ್ತಿಲ್ದೆ, ಆಮೇಲೆ ಗೊತ್ತಿದ್ದೇ."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಮೂರು ವರ್ಷದಿಂದ ಆಕೆ ಕಾದಿದ್ದು ಇದಕ್ಕೇ. ಅವನು ತಟ್ಟೆ ಎಸೆಯುತ್ತಾನೆ, ಅಥವಾ ಕಿರುಚುತ್ತಾನೆ, ಅಥವಾ ಅಳುತ್ತಾನೆ ಎಂದು ಮನಸ್ಸಿನಲ್ಲೇ ಆ ಮೂರನ್ನೂ ಎಷ್ಟೋ ಸಲ ನೋಡಿಕೊಂಡಿದ್ದಳು. ಅವನು ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದ.

"ಸುಳ್ಳು" ಎಂದ. "ಮಧ್ಯಾಹ್ನ ಆಡಿದ ಮಾತು ನಿನಗೆ ನಾಟಿದೆ, ಅದಕ್ಕೆ ಈಗ ಕತೆ ಕಟ್ತಿದೀಯ. ಅದನ್ನ ನೋಡೋ ಅಷ್ಟು ಕಣ್ಣು ನಿನಗಿಲ್ಲ ಕಣೇ. ಬಂದಿದ್ರೆ ತೋರಿಸು. ಎಲ್ಲಿದೆ?"

ಎಲ್ಲೂ ಇರಲಿಲ್ಲ. ಒರೆಸಿದ್ದು ಆಕೆ, ಅಳಿಸಿದ್ದು ಅವನು, ಬೆರಳು ಇಡಿಸಿದ್ದು ಆಕೆ. ಸ್ಟುಡಿಯೋದ ಹಿಂದಿನ ಕೋಣೆಯಿಂದ ಇಲ್ಲಿಯವರೆಗೆ ಆಕೆ ತನ್ನದು ಎಂದುಕೊಂಡಿದ್ದು ಆ ಕಣ್ಣೊಂದನ್ನೇ. ಈ ಬದುಕಿನಲ್ಲಿ ಆ ಕಣ್ಣು ಕಂಡ ಅತಿ ಚೆಂದದ ವಸ್ತುವಿಗೆ ಸಾಕ್ಷಿಯೇ ಇರಲಿಲ್ಲ. ಗಂಡ ಮಜ್ಜಿಗೆ ಕೇಳಿದ. ಹಾಕಿದಳು.

ಅದಾದ ಮೇಲೆ ಅವರಿಬ್ಬರೂ ಆ ವಿಷಯ ಎತ್ತಲಿಲ್ಲ. ಆಕೆ ಮಗಳಿಗೆ ಫೋನು ಮಾಡಿ, ನಿನ್ನ ಹತ್ರ ಬಂದು ಇರಲಾ ಎಂದು ಕೇಳಿದಳು. ಬಾಮ್ಮ, ಆದ್ರೆ ನನ್ನ ಮಗಳ ಫೋಟೋ ಒಂದನ್ನೂ ನೀನು ಮುಟ್ಟಬಾರದು ಎಂದಳು ಮಗಳು. ಆಗಲಿ ಎಂದಳು. ಗಂಡನಿಗೆ ಹೇಳಿದಾಗ, ಹೋಗೋರನ್ನ ಯಾರು ಹಿಡಿದಿದ್ದಾರೆ ಎಂದಷ್ಟೇ ಅಂದ. ಒಬ್ಬಂಟಿಯಾಗಿದ್ದ ಅವನ ಅಕ್ಕ ಬಂದು ಮನೆ ನೋಡಿಕೊಳ್ಳುವುದಾಗಿ ಒಪ್ಪಿದಳು. ಗಟ್ಟಿಗಿತ್ತಿ, ಬಂದ ದಿನವೇ ಎಲ್ಲ ಕೋಣೆಗೂ ದೊಡ್ಡ ಬಲ್ಬು ಹಾಕಿಸಿ, ಇದೇನು ಮನೆಯೋ ಬಾವಲಿ ಗೂಡೋ ಎಂದಳು.

ಹೊರಡುವ ಬೆಳಿಗ್ಗೆ ಟಚಿಂಗಮ್ಮ ಒಂದೇ ಪೆಟ್ಟಿಗೆ ತೆಗೆದುಕೊಂಡಳು. ಅತ್ತಿಗೆಗೆ ಗಂಡನ ಮಾತ್ರೆಗಳನ್ನು ತೋರಿಸಿದಳು, ಬೆಳಗಿನದು ಯಾವುದು, ರಾತ್ರಿಯದು ಯಾವುದು, ಯಾವುದನ್ನು ಬರಿಹೊಟ್ಟೆಯಲ್ಲಿ ಕೊಡಬಾರದು ಎಂದು. ಹೊರಗೆ ಬಾಡಿಗೆ ಕಾರು ಬಂದು ನಿಂತಿತು. ಗಂಡ ಹಜಾರದ ಕುರ್ಚಿಯಲ್ಲಿ ಬಾಗಿಲಿಗೆ ಪಕ್ಕೆ ಮಾಡಿ ಕೂತಿದ್ದ. ನೇರ ನೋಡಿದರೆ ಏನೂ ಕಾಣದವನು ಹಾಗೆ ಓರೆಯಾಗಿಯೇ ಕೂರಬೇಕಿತ್ತು. ಬರ್ತೀನಿ ಎಂದಳು. ಅವನು ಹೂಂ ಎಂದ. ಆಕೆ ಹೊಸ್ತಿಲು ದಾಟಿ ಚಪ್ಪಲಿಗೆ ಕಾಲು ತೂರಿಸುವಾಗ ಒಳಗಿನಿಂದ ಅವನ ದನಿ ಬಂತು. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತನಾಡಿದ್ದು ಆಕೆಗೆ ನೆನಪಿರಲಿಲ್ಲ.

"ಇವಳೇ. ಅದರ ತುದಿ ಹರಿದಿತ್ತಾ? ಮೇಲಿನದಾ, ಕೆಳಗಿನದಾ?"

"ಏನೋ ಅದು ಹರಿದಿದ್ದು? ದಿಂಬಾ?" ಎಂದಳು ಅಕ್ಕ, ಅಡಿಗೆಮನೆಯಿಂದ.

ಮೇಲಿನದು. ಮೇಲಿನ ತುದಿ ಎಡಕ್ಕೆ ಹರಿದಿತ್ತು, ಹರಿದಲ್ಲಿ ಒಂದು ಸಣ್ಣ ನಕ್ಷತ್ರ ಸಿಕ್ಕಿಕೊಂಡಿತ್ತು, ಒಳಗೆ ನೂಲೆಳೆಗಳಿದ್ದವು. ಆಕೆ ಅಷ್ಟನ್ನೂ ಕಣ್ಣು ಮುಚ್ಚಿ ಹೇಳಬಲ್ಲಳು. ಹೇಳಿದರೆ ಅವನು ನಂಬುತ್ತಾನೆ. ನಂಬಿದರೆ ಅವನ ಹಿತ್ತಿಲು ಅವನಿಗೆ ಸಿಗುತ್ತದೆ, ಆಕೆಯ ಕಣ್ಣು ಆಕೆಗೆ ಸಿಗುತ್ತದೆ. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮುಖ ಒಂದು ಕಡೆ ತಿರುಗಿಸಿಕೊಂಡು, ಉಳಿದ ಕಣ್ಣಂಚಿನಲ್ಲಿ ಆಕೆಯನ್ನು ಹುಡುಕುತ್ತಿದ್ದ.

"ನೆನಪಿಲ್ಲ ರೀ" ಎಂದಳು.

ಅವನು ಇನ್ನೊಂದು ಸಲ ಕೇಳುವುದರೊಳಗೆ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಗೇಟಿನ ಚಿಲಕ ಬಿಗಿಯಾಗಿತ್ತು, ಎರಡೂ ಕೈಯಿಂದ ಎಳೆಯಬೇಕಾಯಿತು. ಡ್ರೈವರು ಇಳಿದು ಬಂದು ಪೆಟ್ಟಿಗೆ ಇಸಿದುಕೊಂಡ. ಆಕೆ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.